ಅರ್ಜಿ ಹಾಕಿದವರಿಗೆ ಒಂದು ಉತ್ತರ



ಈ ಉಪನ್ಯಾಸದ ದತ್ತಿಯ ಆಶಯಪತ್ರದಲ್ಲಿ ‘ವಿದ್ಯೆ ಮತ್ತು ಜೀವನೋಪಾಯ’ ಎಂಬ ಮಾತಿದೆ. ಉಪನ್ಯಾಸ ಇವೆರಡರಲ್ಲಿ ಯಾವುದಾದರೊಂದರ ಬಗ್ಗೆ ಇರಲಿ ಎಂದು ಸಂಘಟಕರು ತಿಳಿಸಿದಾಗ, ಎರಡರ ನಡುವಿನ ಅವಧಿಯ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಓದು ಮುಗಿದಿದೆ, ಅರ್ಜಿ ಹಾಕಿಯಾಗಿದೆ, ಸಂದರ್ಶನವೂ ಆಗಿದೆ. ಕೆಲಸ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಕೆಲವರಿಗೆ ಈ ಅವಧಿ ಎರಡು ವಾರ, ಕೆಲವರಿಗೆ ಎರಡು ವರ್ಷ. ಆ ದಿನಗಳಲ್ಲಿ ಕೆಲಸ ಕೊಡುವವರು ಕೆಲಸ ಕೇಳಿ ಬಂದವರೊಡನೆ ಹೇಗೆ ನಡೆದುಕೊಳ್ಳುತ್ತಾರೆ, ಏನು ಹೇಳುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ ಎಂಬುದು ಇವತ್ತಿನ ನನ್ನ ವಿಷಯ.

ನಾನು ಇಂಜಿನಿಯರಿಂಗ್ ಕಾಲೇಜೊಂದರ ಪ್ಲೇಸ್‌ಮೆಂಟ್ ಕಚೇರಿಯಲ್ಲಿದ್ದು ನಿವೃತ್ತನಾದವನು. ಒಂದು ಕಡೆ ಕಂಪನಿಗಳ ಎಚ್.ಆರ್. ವಿಭಾಗದವರು, ಇನ್ನೊಂದು ಕಡೆ ಅಂತಿಮ ವರ್ಷದ ಹುಡುಗ ಹುಡುಗಿಯರು, ನಡುವೆ ನಮ್ಮ ಕಚೇರಿಯ ಫೋನು. “ಸಾರ್, ಏನಾದ್ರೂ ಗೊತ್ತಾಯ್ತಾ?” ಎಂಬ ಪ್ರಶ್ನೆಗೆ “ಇನ್ನೂ ಇಲ್ಲಮ್ಮಾ” ಎನ್ನುವುದೇ ಆ ಕೆಲಸದ ದೊಡ್ಡ ಪಾಲಾಗಿತ್ತು. ಕೆಲಸ ಸಿಗಲಿಲ್ಲ ಎಂದು ಅತ್ತವರನ್ನು ನೋಡಿದ್ದೇನೆ. ಅವರು ಒಂದೆರಡು ವಾರದಲ್ಲಿ ಎದ್ದು ಮುಂದಿನ ಪರೀಕ್ಷೆಗೆ ಕೂರುತ್ತಿದ್ದರು. ಏನೂ ಹೇಳಿಸಿಕೊಳ್ಳದೆ ಕಾದವರು ಮಾತ್ರ ಎದ್ದೇಳಲು ಬಹಳ ಕಷ್ಟಪಟ್ಟರು. ‘ಇಲ್ಲ’ ಎಂಬ ಉತ್ತರಕ್ಕಿಂತ ಉತ್ತರವೇ ಇಲ್ಲದಿರುವುದು ಹೆಚ್ಚು ಹಾನಿ ಮಾಡುತ್ತದೆ ಎಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಹಿಂದೆ ಎಲ್ಲವೂ ಸರಿಯಿತ್ತು ಎಂದು ನಾನು ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕುವಾಗ ಸ್ವಂತ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಒಳಗಿಟ್ಟು ಕಳಿಸಬೇಕಿತ್ತು. ಉತ್ತರದ ಖರ್ಚನ್ನೂ ಕೆಲಸವಿಲ್ಲದವನೇ ಕೊಡಬೇಕಾಗಿದ್ದ ವ್ಯವಸ್ಥೆ ಅದು. ಬಹಳ ಸಲ ಆ ಲಕೋಟೆ ವಾಪಸ್ ಬರುತ್ತಲೇ ಇರಲಿಲ್ಲ. ಆದರೂ ಬಂದಾಗ ಒಳಗೊಂದು ಟೈಪು ಮಾಡಿದ ಕಾಗದವಿರುತ್ತಿತ್ತು, ಅದಕ್ಕೊಂದು ಉಲ್ಲೇಖ ಸಂಖ್ಯೆ, ಕೆಳಗೆ ಒಬ್ಬರ ಸಹಿ. ಈಗ ಸಾವಿರ ಜನಕ್ಕೆ ಒಂದೇ ಸಲ ಇಮೇಲ್ ಕಳಿಸಬಹುದು, ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದೂ ಸಂದರ್ಶನಕ್ಕೆ ಕರೆದವರಿಗೂ ಉತ್ತರ ಹೋಗುತ್ತಿಲ್ಲವೆಂದರೆ ಕಾರಣ ಅಂಚೆಯದ್ದಲ್ಲ, ಹಣದ್ದೂ ಅಲ್ಲ.

ಹಾಗಾದರೆ ಏನು? ಕಂಪನಿಯ ಒಳಗೆ ಒಂದು ಹುದ್ದೆ ತುಂಬುವ ಕ್ರಮವನ್ನು ಸ್ವಲ್ಪ ನೋಡಬೇಕು. ತಂಡದ ಮ್ಯಾನೇಜರ್‌ಗೆ ಜನ ಬೇಕು. ಅದಕ್ಕೆ ಹಣಕಾಸು ವಿಭಾಗದ ಒಪ್ಪಿಗೆ ಬೇಕು. ಒಪ್ಪಿಗೆ ಪೂರ್ತಿ ಬರುವ ಮೊದಲೇ ಎಷ್ಟೋ ಸಲ ಜಾಹೀರಾತು ಹೊರಗೆ ಬಂದಿರುತ್ತದೆ. ಅರ್ಜಿಗಳನ್ನು ಸಾಫ್ಟ್‌ವೇರ್ ಜರಡಿ ಹಿಡಿಯುತ್ತದೆ. ಬೇಕಾದ ಪದಗಳಿಲ್ಲದ ರೆಸ್ಯೂಮೆಯನ್ನು ಮನುಷ್ಯರು ಯಾರೂ ನೋಡದೇ ಹೋಗಬಹುದು. ಉಳಿದವರಿಗೆ ಕನ್ಸಲ್ಟೆನ್ಸಿಯವರು ಫೋನು ಮಾಡುತ್ತಾರೆ. ಒಂದು ಸುತ್ತು, ಎರಡು ಸುತ್ತು, ಮ್ಯಾನೇಜರ್ ಸುತ್ತು, ಎಚ್.ಆರ್. ಸುತ್ತು. ಕೊನೆಗೆ ಒಬ್ಬರನ್ನು ಆರಿಸುತ್ತಾರೆ. ಎರಡನೆಯ, ಮೂರನೆಯ ಸ್ಥಾನದವರಿಗೆ ಏನನ್ನೂ ಹೇಳುವುದಿಲ್ಲ. ಯಾಕೆಂದರೆ ಮೊದಲನೆಯವರು ಕೈ ಕೊಟ್ಟರೆ ಇವರು ಬೇಕಾಗಬಹುದು. ನಮ್ಮ ಐಟಿ ಕಂಪನಿಗಳಲ್ಲಿ ಕೆಲಸ ಬಿಡುವವರು ಮೂರು ತಿಂಗಳ ನೋಟಿಸ್ ಕೊಡಬೇಕಾಗಿರುವುದು ಸಾಮಾನ್ಯ. ಅಂದರೆ ಆಯ್ಕೆಯಾದವರು ನಿಜವಾಗಿ ಬಂದು ಸೇರುತ್ತಾರೋ ಇಲ್ಲವೋ ಎಂಬುದು ಮೂರು ತಿಂಗಳವರೆಗೆ ತಿಳಿಯುವುದಿಲ್ಲ. ಅಷ್ಟು ದಿನ ಎರಡನೆಯವರನ್ನು ಕಾಯಿಸಿಡುತ್ತಾರೆ, ಅವರಿಗೆ ಗೊತ್ತಿಲ್ಲದ ಹಾಗೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು “ಊರಿಗೆ ಹೋಗಿ ಕಾಗದ ಬರೀತೀವಿ” ಎಂದು ಎದ್ದು ಹೋದ ಮೇಲೆ ಆ ಮನೆಯವರು ಪಟ್ಟ ಪಾಡು ನಮ್ಮ ಹಿರಿಯರಿಗೆ ಗೊತ್ತು. “ಎಚ್.ಆರ್. ಕಾಲ್ ಮಾಡ್ತಾರೆ” ಎಂಬ ಮಾತು ಈಗ ಅದೇ ಕೆಲಸ ಮಾಡುತ್ತಿದೆ.

ಇದರಲ್ಲಿ ಯಾರೊಬ್ಬರೂ ದುಷ್ಟರಲ್ಲ. ನಾನು ಕಂಡ ಎಚ್.ಆರ್. ವಿಭಾಗದವರಲ್ಲಿ ಬಹುಪಾಲು ಸಜ್ಜನರು, ಚಿಕ್ಕ ವಯಸ್ಸಿನವರು, ತಿಂಗಳಿಗೆ ಇಂತಿಷ್ಟು ಜನರನ್ನು ಸೇರಿಸಬೇಕು ಎಂಬ ಲೆಕ್ಕದಲ್ಲಿ ಸಿಕ್ಕಿಕೊಂಡವರು. ಎಷ್ಟು ಜನರನ್ನು ಸೇರಿಸಿದಿರಿ ಎಂದು ಅವರನ್ನು ಕೇಳುತ್ತಾರೆ. ಎಷ್ಟು ಜನರಿಗೆ ಉತ್ತರ ಕೊಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಯಾರೂ ಕೇಳದ ಕೆಲಸ ಮೊದಲು ನಿಲ್ಲುತ್ತದೆ. ಮಧ್ಯದಲ್ಲಿ ಹುದ್ದೆಯೇ ರದ್ದಾದರೆ ಅದನ್ನು ಹೇಳಲು ಅವರಿಗೆ ಅನುಮತಿ ಇರುವುದಿಲ್ಲ, ಕಂಪನಿಯ ವ್ಯವಹಾರ ಚೆನ್ನಾಗಿಲ್ಲವೆಂಬ ಸುದ್ದಿ ಹೊರಗೆ ಹೋದೀತು ಎಂಬ ಭಯಕ್ಕೆ.

ಈಗ ಕ್ಯಾಂಪಸ್‌ಗೆ ಬರುತ್ತೇನೆ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಹೊರಗಿನವರಿಗೆ ಇದರ ಒಳಗುಟ್ಟು ಅಷ್ಟಾಗಿ ಗೊತ್ತಿಲ್ಲ.

ಏಳನೆಯ ಸೆಮಿಸ್ಟರ್ ಆರಂಭವಾಗುತ್ತಿದ್ದಂತೆ ಕಂಪನಿಗಳು ಬರುತ್ತವೆ. ಹತ್ತನೇ ತರಗತಿಯಿಂದ ಹಿಡಿದು ಎಲ್ಲದರಲ್ಲೂ ಶೇಕಡಾ 60, ಬ್ಯಾಕ್‌ಲಾಗ್ ಇರಬಾರದು, ಓದಿನ ನಡುವೆ ವರ್ಷ ಬಿಟ್ಟಿರಬಾರದು ಎಂಬಂಥ ನಿಯಮಗಳಿರುತ್ತವೆ. ಆಯ್ಕೆಯಾದವರಿಗೆ ಮೊದಲು ಕೊಡುವುದು ‘ಲೆಟರ್ ಆಫ್ ಇಂಟೆಂಟ್’. ಕೆಲಸ ಕೊಡುವ ಇರಾದೆ ಇದೆ ಎನ್ನುವ ಕಾಗದ ಅದು, ನೇಮಕಾತಿ ಪತ್ರವಲ್ಲ. ಸೇರುವ ದಿನಾಂಕ ಅದರಲ್ಲಿರುವುದಿಲ್ಲ. ಮನೆಯಲ್ಲಿ ಮಾತ್ರ ಅದನ್ನೇ ಕೆಲಸವೆಂದು ಓದುತ್ತಾರೆ. ದೇವರ ಮುಂದೆ ಇಟ್ಟು ಪೂಜೆ ಮಾಡಿದ ಮನೆಗಳನ್ನು ಬಲ್ಲೆ.

ಇದರ ಜೊತೆಗೆ ಕಾಲೇಜುಗಳ ಕಡೆಯಿಂದ ಇನ್ನೊಂದು ನಿಯಮವಿದೆ: ಒಬ್ಬರಿಗೆ ಒಂದು ಆಫರ್. ಒಂದು ಕಂಪನಿಯಲ್ಲಿ ಆಯ್ಕೆಯಾದವರು ಬೇರೆ ಕಂಪನಿಯ ಪರೀಕ್ಷೆಗೆ ಕೂರುವಂತಿಲ್ಲ, ಅಥವಾ ಬಹಳ ಹೆಚ್ಚಿನ ಸಂಬಳದ ಕಂಪನಿಗೆ ಮಾತ್ರ ಕೂರಬಹುದು. ಎಲ್ಲರಿಗೂ ಅವಕಾಶ ಹಂಚಿಹೋಗಲಿ ಎಂಬುದು ಇದರ ಉದ್ದೇಶ, ಉದ್ದೇಶ ನ್ಯಾಯವಾದದ್ದೇ. ಆದರೆ ಪರಿಣಾಮ ನೋಡಿ. ಆಗಸ್ಟಿನಲ್ಲಿ ಆಯ್ಕೆಯಾದ ಹುಡುಗಿಗೆ ಆ ವರ್ಷದ ಉಳಿದೆಲ್ಲ ಬಾಗಿಲುಗಳೂ ಮುಚ್ಚಿದವು. ಮುಂದಿನ ವರ್ಷ ಜೂನ್‌ನಲ್ಲಿ ಪದವಿ ಮುಗಿಯಿತು. ಕಂಪನಿಯಿಂದ ಪತ್ರವಿಲ್ಲ. ಸೆಪ್ಟೆಂಬರ್‌ನಲ್ಲಿ ಹೊಸ ತಂಡದ ಕ್ಯಾಂಪಸ್ ಆಯ್ಕೆ ಶುರುವಾಯಿತು. ಅದಕ್ಕೆ ಈಕೆ ಅರ್ಹಳಲ್ಲ, ಅದು ಮುಂದಿನ ಬ್ಯಾಚಿನದು. ಹೊರಗೆ ಹುಡುಕಲು ಹೋದರೆ ‘ಈ ವರ್ಷ ಪಾಸಾದವರಿಗೆ ಮಾತ್ರ’ ಎಂಬ ಷರತ್ತು, ಇಲ್ಲದಿದ್ದರೆ ಎರಡು ವರ್ಷದ ಅನುಭವ ಬೇಕು. ಪಾಸಾಗಿ ಒಂದು ವರ್ಷ ಕಳೆದವರು ಎಲ್ಲಿಯೂ ಸಲ್ಲದವರಾಗುತ್ತಾರೆ. ಕಂಪನಿಯ ಮೌನ ಅವಳ ಒಂದು ವರ್ಷವನ್ನು ನುಂಗಿದ್ದಲ್ಲದೆ, ಆಮೇಲಿನ ವರ್ಷಗಳಲ್ಲಿ ಅವಳ ಅರ್ಹತೆಯನ್ನೂ ಕಡಿಮೆ ಮಾಡಿತು.

ಅಂಥ ಹುಡುಗಿಯೊಬ್ಬಳು ರಾಯಚೂರು ಜಿಲ್ಲೆಯವಳು, ಮನೆಗೆ ಮೊದಲ ಪದವೀಧರೆ. ಶಿಕ್ಷಣ ಸಾಲದ ಕಂತು ಓದು ಮುಗಿದ ಒಂದು ವರ್ಷದ ನಂತರ ಶುರುವಾಗುವುದಿತ್ತು. “ನಿಮ್ಮನ್ನ ಕರೆಯೋದಿಲ್ಲ ಅಂತ ಬರೆದುಕೊಡಲಿ ಸಾರ್, ಸಾಕು. ಊರಿನ ಶಾಲೆಯಲ್ಲಿ ಪಾಠ ಹೇಳೋ ಕೆಲಸ ಇದೆ, ಸೇರ್ಕೋತೀನಿ. ಸೇರಿದ ಮರುದಿನ ಇವರು ಕರೆದ್ರೆ ಏನ್ಮಾಡ್ಲಿ?” ಎಂದು ಆಕೆ ಕೇಳಿದಳು. ಕೆಲಸ ಕೊಡಿ ಎಂದು ಅವಳು ಕೇಳುತ್ತಿರಲಿಲ್ಲ. ತನ್ನನ್ನು ಬಿಟ್ಟುಬಿಡಿ ಎಂದು ಕೇಳುತ್ತಿದ್ದಳು. ನಾವು ಆ ಕಂಪನಿಗೆ ಬರೆದೆವು, ಫೋನು ಮಾಡಿದೆವು. ಮೊದಲು ನಮ್ಮ ಜೊತೆ ಮಾತಾಡುತ್ತಿದ್ದವರು ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿದ್ದರು. ಹೊಸಬರಿಗೆ ಈ ಪಟ್ಟಿಯೇ ಗೊತ್ತಿರಲಿಲ್ಲ.

ಇದು ಯಾವುದೋ ಒಂದು ಕಾಲೇಜಿನ ಕಥೆಯಾಗಿದ್ದರೆ ನಾನು ಈ ವೇದಿಕೆಗೆ ತರುತ್ತಿರಲಿಲ್ಲ. ಕೋವಿಡ್ ನಂತರದ ಬೇಡಿಕೆಯ ಭರಾಟೆಯಲ್ಲಿ 2021 ಮತ್ತು 2022ರಲ್ಲಿ ಕಂಪನಿಗಳು ರಾಶಿಗಟ್ಟಲೆ ಆಫರ್ ಕೊಟ್ಟವು. ಆಮೇಲೆ ಅಮೆರಿಕ, ಯುರೋಪಿನ ಗ್ರಾಹಕರು ಖರ್ಚು ಕಡಿಮೆ ಮಾಡಿದರು. 2023ರ ಫೆಬ್ರವರಿಯಲ್ಲಿ ವಿಪ್ರೋ ಸಂಸ್ಥೆ, ವರ್ಷಕ್ಕೆ 6.5 ಲಕ್ಷ ರೂಪಾಯಿಯ ಆಫರ್ ಪಡೆದು ಕಾಯುತ್ತಿದ್ದ ಹೊಸಬರಿಗೆ 3.5 ಲಕ್ಷಕ್ಕೆ ಸೇರುತ್ತೀರಾ ಎಂದು ಕೇಳಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. 2024ರಲ್ಲಿ ಪುಣೆಯ ನೈಟ್ಸ್ ಎಂಬ ಐಟಿ ನೌಕರರ ಸಂಘಟನೆ, ಇನ್ಫೋಸಿಸ್‌ನ 2022-23ರ ನೇಮಕಾತಿಯಲ್ಲಿ ಆಯ್ಕೆಯಾದ ಸುಮಾರು 2000 ಪದವೀಧರರಿಗೆ ಸೇರುವ ದಿನಾಂಕ ಮುಂದೆ ಮುಂದೆ ಹೋಗುತ್ತಿದೆ ಎಂದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರಿತು. ಸಚಿವಾಲಯ ಅದನ್ನು ನೋಡಿ ಎಂದು ಕರ್ನಾಟಕದ ಕಾರ್ಮಿಕ ಇಲಾಖೆಗೆ ಬರೆಯಿತು. ಕೊಟ್ಟ ಎಲ್ಲ ಆಫರ್‌ಗಳನ್ನೂ ಉಳಿಸಿಕೊಳ್ಳುತ್ತೇವೆ ಎಂದು ಸಂಸ್ಥೆಯ ಮುಖ್ಯಸ್ಥ ಸಲೀಲ್ ಪರೇಖ್ ಹೇಳಿದರು; ಸೆಪ್ಟೆಂಬರ್ ಹೊತ್ತಿಗೆ ದಿನಾಂಕ ಹೊತ್ತ ಪತ್ರಗಳು ಬರತೊಡಗಿದವು. ದಿನಾಂಕ ಬಂದದ್ದು ಒಳ್ಳೆಯದೇ. ಆದರೆ ಅದಕ್ಕಾಗಿ ದಿಲ್ಲಿಯವರೆಗೆ ದೂರು ಹೋಗಬೇಕಾಯಿತು ಎಂಬುದು ನನ್ನನ್ನು ಕಾಡುವ ಸಂಗತಿ. ವ್ಯವಹಾರ ಕುಗ್ಗಿದರೆ ಕಂಪನಿ ಕೆಲಸ ಕೊಡಲಾಗದೆ ಹೋಗಬಹುದು, ಅದನ್ನು ನಾನು ಒಪ್ಪುತ್ತೇನೆ. ಕುಗ್ಗಿದೆ ಎಂದು ಹೇಳಲು ವ್ಯವಹಾರ ಚೆನ್ನಾಗಿರಬೇಕಾಗಿಲ್ಲ.

ಕಾಯುವುದು ಮನುಷ್ಯನಿಗೆ ಏನು ಮಾಡುತ್ತದೆ? 1930ರ ದಶಕದ ಆರಂಭದಲ್ಲಿ ಸಮಾಜ ಮನಶ್ಶಾಸ್ತ್ರಜ್ಞೆ ಮಾರಿ ಯಹೋದಾ ಮತ್ತು ಆಕೆಯ ಸಂಗಡಿಗರು ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಮಾರಿಯೆಂಥಾಲ್ ಎಂಬ ಹಳ್ಳಿಗೆ ಹೋದರು. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿತ್ತು. ಜನರ ಕೈಯಲ್ಲಿ ಈಗ ಬೇಕಾದಷ್ಟು ಹೊತ್ತಿತ್ತು, ಆದರೆ ಊರಿನ ಗ್ರಂಥಾಲಯದಿಂದ ಪುಸ್ತಕ ತೆಗೆದುಕೊಂಡು ಹೋಗುವವರು ಕಡಿಮೆಯಾಗಿದ್ದರು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೂ ತಗ್ಗಿತ್ತು. ಸಂಶೋಧಕರು ಗಡಿಯಾರ ಹಿಡಿದು ಅದನ್ನೂ ಅಳೆದರು. 1933ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಬಿಡುವಿದ್ದೂ ಓದಲಾಗದ ಆ ಸ್ಥಿತಿಯನ್ನು ನಾನು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ. ಹೊಸ ಕೋರ್ಸು ಕಲಿ, ಗೇಟ್ ಪರೀಕ್ಷೆಗೆ ಓದು ಎಂದರೆ, “ನಾಳೆ ಕರೆದ್ರೆ ಹೋಗ್ಬೇಕಲ್ಲ ಸಾರ್” ಎನ್ನುತ್ತಿದ್ದರು. ನಾಳೆ ಕರೆಯುತ್ತಾರೆ ಎಂದುಕೊಂಡೇ ಹತ್ತು ತಿಂಗಳು ಕಳೆಯುತ್ತಿತ್ತು. ಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ಭಾರ ಸೇರುತ್ತದೆ. ಕೆಲಸ ಸಿಕ್ಕಿದೆ ಎಂದು ಊರಿಗೆಲ್ಲ ಹೇಳಿಯಾಗಿದೆ. ದಿನವೂ ಯಾರಾದರೊಬ್ಬರು “ಯಾವಾಗ ಹೋಗೋದು ಬೆಂಗಳೂರಿಗೆ?” ಎಂದು ಕೇಳುತ್ತಾರೆ. ಹುಡುಗರು ಮನೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾರೆ.

ಇವತ್ತು ನಾನು ಹೇಳಲೇಬೇಕೆಂದು ಬಂದ ಮಾತು ಇದಕ್ಕೂ ಮುಂದಿನದು. ಕೆಲಸ ಕೊಡುವವರು ಮಾತಾಡದ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿ ಬೇರೆ ಯಾರೋ ಬಂದು ಕೂತು ಮಾತಾಡತೊಡಗುತ್ತಾರೆ.

ಮೊದಲು ಬರುವುದು ಪರಿಚಯದವರು. ಕಂಪನಿಯಲ್ಲಿ ಚಿಕ್ಕಪ್ಪನೋ ಅಕ್ಕನ ಗಂಡನೋ ಇದ್ದರೆ, ನಿನ್ನ ಅರ್ಜಿ ಇಂಥ ಕಡೆ ನಿಂತಿದೆ, ಆ ಪ್ರಾಜೆಕ್ಟ್ ರದ್ದಾಗಿದೆ, ಬೇರೆ ಕಡೆ ನೋಡಿಕೋ ಎಂದು ಸಂಜೆಯೊಳಗೆ ತಿಳಿದುಬಿಡುತ್ತದೆ. ಬೆಂಗಳೂರಿನ ಜಯನಗರದ ಹುಡುಗನಿಗೆ ಅಂಥ ಬಂಧು ಇರುವ ಸಂಭವ ಹೆಚ್ಚು. ರಾಯಚೂರು ಜಿಲ್ಲೆಯ ದೇವದುರ್ಗದ ಹುಡುಗಿಗೆ ಕಡಿಮೆ. ಆದ್ದರಿಂದ ಉತ್ತರ ಕೊಡದಿರುವುದು ಎಲ್ಲರಿಗೂ ಒಂದೇ ರೀತಿಯ ಅನ್ಯಾಯವಲ್ಲ. ಯಾರಿಗೆ ಒಳಗೆ ಜನವಿಲ್ಲವೋ ಅವರ ಮೇಲೆಯೇ ಅದರ ಪೂರ್ತಿ ಭಾರ ಬೀಳುತ್ತದೆ. ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಬೇಕೇ ಎಂದು ನಾವು ಸರೋಜಿನಿ ಮಹಿಷಿ ವರದಿಯ ಕಾಲದಿಂದ ಚರ್ಚಿಸುತ್ತಿದ್ದೇವೆ. 2024ರ ಜುಲೈನಲ್ಲಿ ಸಚಿವ ಸಂಪುಟ ಅಂಥದೊಂದು ಮಸೂದೆಗೆ ಒಪ್ಪಿಗೆ ಕೊಟ್ಟು ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಆ ಚರ್ಚೆ ನಡೆಯಲಿ. ಆದರೆ ಅರ್ಜಿ ಹಾಕಿದ ಸ್ಥಳೀಯರಿಗೆ ಕಡೇಪಕ್ಷ ಉತ್ತರ ಕೊಡಿ ಎಂದು ಆ ದಿನಗಳಲ್ಲಿ ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಎರಡನೆಯದಾಗಿ ಬರುವವರು ಮೋಸಗಾರರು. ನಿಜವಾದ ಕಂಪನಿ ಆರು ತಿಂಗಳು ಸುಮ್ಮನಿದ್ದಾಗ ನಕಲಿ ಕಂಪನಿ ಅರ್ಧ ಗಂಟೆಯಲ್ಲಿ ಉತ್ತರಿಸುತ್ತದೆ. ಲೋಗೋ ಇರುವ ಪತ್ರ, ಮರ್ಯಾದೆಯ ಮಾತು, ಸೇರುವ ದಿನಾಂಕ, ಕೊನೆಯಲ್ಲಿ ‘ಲ್ಯಾಪ್‌ಟಾಪ್ ಠೇವಣಿ’ ಎಂದೋ ‘ತರಬೇತಿ ಶುಲ್ಕ’ ಎಂದೋ ಒಂದು ಮೊತ್ತ. ಹುಡುಗರು ದಡ್ಡರು ಎಂದು ಬೈಯುವವರಿಗೆ ನಾನು ಹೇಳುವುದಿಷ್ಟೇ: ಇಷ್ಟು ದಿನದಲ್ಲಿ ಅವರಿಗೆ ಹೆಸರು ಹಿಡಿದು ಬರೆದವರು ಆ ಮೋಸಗಾರರೊಬ್ಬರೇ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ ಒಂದು ಎಚ್ಚರಿಕೆ ಹೊರಡಿಸಬೇಕಾಯಿತು. ಥಾಯ್ಲೆಂಡಿನಲ್ಲಿ ಕೆಲಸವೆಂದು ನಂಬಿಸಿ, ಕಂಪ್ಯೂಟರ್ ಬಲ್ಲ ಭಾರತೀಯ ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸಿ ಆನ್‌ಲೈನ್ ವಂಚನೆಯ ಕೆಲಸಕ್ಕೆ ಹಚ್ಚುತ್ತಿದ್ದ ಜಾಲಗಳ ಬಗ್ಗೆ ಅದು.

ಮೂರನೆಯವನು ದಲ್ಲಾಳಿ. ಇವನು ಸರ್ಕಾರಿ ನೇಮಕಾತಿಯ ಸುತ್ತ ಓಡಾಡುವವನು. “ನಮ್ಮ ಕಡೆಯವರು ಒಳಗಿದ್ದಾರೆ, ಲಿಸ್ಟು ಹೀಗೆ ಬರುತ್ತೆ” ಎನ್ನುವವನು. ಅಧಿಸೂಚನೆಯಿಂದ ನೇಮಕಾತಿ ಆದೇಶದವರೆಗೆ ಯಾವ ಹಂತ ಯಾವಾಗ ಎಂದು ನೇಮಕಾತಿ ಆಯೋಗವೇ ದಿನಾಂಕ ಹಾಕಿ ಹೇಳಿದರೆ ಈ ಮನುಷ್ಯನಿಗೆ ಮಾರಲು ಸರಕೇ ಇರುವುದಿಲ್ಲ. ನಮ್ಮ ರಾಜ್ಯದ ಇತಿಹಾಸ ಬೇರೆ ಇದೆ. ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 2011ರಲ್ಲಿ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಅಕ್ರಮದ ಆರೋಪದಿಂದ 2014ರಲ್ಲಿ ಸರ್ಕಾರ ಆ ಪಟ್ಟಿಯನ್ನು ಕೈಬಿಟ್ಟಿತು. ನ್ಯಾಯಮಂಡಳಿ, ಹೈಕೋರ್ಟ್ ಸುತ್ತಿ ಕೊನೆಗೆ 2022ರಲ್ಲಿ ಆಯ್ಕೆಯನ್ನು ಊರ್ಜಿತಗೊಳಿಸಲು ವಿಧಾನಮಂಡಲ ಕಾಯ್ದೆಯನ್ನೇ ಮಾಡಬೇಕಾಯಿತು. ಹನ್ನೊಂದು ವರ್ಷ. ಪೊಲೀಸ್ ಇಲಾಖೆಯ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಅರ್ಧ ಲಕ್ಷಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ತಪ್ಪು ಮಾಡಿದವರ ಮೇಲೆ ಮೊಕದ್ದಮೆ ಹೂಡಿದರು, ಸರಿ. ಪ್ರಾಮಾಣಿಕವಾಗಿ ಬರೆದವರಿಗೆ ಈ ಅವಧಿಯಲ್ಲಿ ಯಾರು ಪತ್ರ ಬರೆದರು? ತಮ್ಮ ಅರ್ಜಿ ಏನಾಯಿತು, ಮುಂದೇನಾಗುತ್ತದೆ ಎಂದು ಅವರು ತಿಳಿದದ್ದು ಟಿವಿಯ ಕೆಳಗಿನ ಪಟ್ಟಿಯಲ್ಲಿ ಓಡುವ ಸುದ್ದಿಯಿಂದ. ಬೆಂಗಳೂರಿನ ವಿಜಯನಗರದ, ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಓದುತ್ತ ವಯೋಮಿತಿ ದಾಟಿಹೋದವರ ಲೆಕ್ಕ ಯಾರ ಬಳಿಯೂ ಇಲ್ಲ.

ಇನ್ನೊಂದು ಬಗೆಯ ಸಂವಹನದ ಲೋಪವನ್ನು ಕನ್ನಡದ ವೇದಿಕೆಯಲ್ಲಿ ಹೇಳದೆ ಹೋಗಲಾರೆ. ಕೆಪಿಎಸ್‌ಸಿಯ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆಯಿತು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಕನ್ನಡದಲ್ಲಿ ಓದಿದವರು ಪ್ರಶ್ನೆ ಅರ್ಥಮಾಡಿಕೊಳ್ಳಲು ಇಂಗ್ಲಿಷ್ ಆವೃತ್ತಿಯನ್ನು ನೋಡಬೇಕಾಯಿತು. ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ದೂರು. ಪ್ರಶ್ನೆಪತ್ರಿಕೆ ಎಂದರೆ ಸರ್ಕಾರ ಎಂಬ ಉದ್ಯೋಗದಾತ ತನ್ನ ಮುಂದಿನ ಅಧಿಕಾರಿಯ ಜೊತೆ ಆಡುವ ಮೊದಲ ಮಾತು. ಕನ್ನಡ ನಾಡಿನ ಸರ್ಕಾರ ಆ ಮಾತನ್ನು ಅರ್ಥವಾಗದ ಕನ್ನಡದಲ್ಲಿ ಎರಡು ಸಲ ಆಡಿತು. ಇದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಕೇಂದ್ರ ಲೋಕಸೇವಾ ಆಯೋಗವನ್ನು ನೋಡಿ. ಮುಂದಿನ ವರ್ಷದ ಪರೀಕ್ಷಾ ವೇಳಾಪಟ್ಟಿಯನ್ನು ಮುಂಚಿತವಾಗಿಯೇ ಪ್ರಕಟಿಸುತ್ತದೆ, ಸಂದರ್ಶನದವರೆಗೆ ಹೋಗಿ ಆಯ್ಕೆಯಾಗದವರಿಗೂ ಅವರ ಅಂಕ ತಿಳಿಸುತ್ತದೆ, ಅವರು ಒಪ್ಪಿದರೆ ಆ ವಿವರವನ್ನು ಬೇರೆ ಉದ್ಯೋಗದಾತರಿಗೆ ಸಿಗುವಂತೆ ಮಾಡುತ್ತದೆ. ಅಲ್ಲಿಯೂ ತಕರಾರುಗಳಿವೆ. ಆದರೆ ತಾನು ಎಲ್ಲಿದ್ದೇನೆ ಎಂಬುದು ಅಭ್ಯರ್ಥಿಗೆ ಗೊತ್ತಿರುತ್ತದೆ.

ಕಂಪನಿಗಳ ಕಡೆಯ ಮಾತನ್ನೂ ಕೇಳಬೇಕು. ಒಂದು ಹುದ್ದೆಗೆ ಸಾವಿರಾರು ಅರ್ಜಿ ಬರುತ್ತವೆ, ಎಲ್ಲರಿಗೂ ಬರೆಯಲಾಗದು ಎನ್ನುತ್ತಾರೆ. ಅರ್ಜಿಯನ್ನು ತಿರಸ್ಕರಿಸಲು ಯಂತ್ರವನ್ನು ಬಳಸುವವರು ಅದನ್ನು ತಿಳಿಸಲೂ ಅದೇ ಯಂತ್ರವನ್ನು ಬಳಸಬಹುದು, ಹೀಗಾಗಿ ಈ ವಾದ ನನಗೆ ಒಪ್ಪಿಗೆಯಿಲ್ಲ. ಕಾರಣ ಹೇಳಿದರೆ ಕೋರ್ಟಿಗೆ ಹೋಗುತ್ತಾರೆ ಎಂಬುದು ಇನ್ನೊಂದು. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಕಾರಣ ಹೇಳದೆಯೂ ಫಲಿತಾಂಶ ಹೇಳಬಹುದು. ಅಭ್ಯರ್ಥಿಗಳೂ ಮಾತು ತಪ್ಪುತ್ತಾರೆ ಎಂಬ ಮೂರನೆಯ ದೂರು ನಿಜ. ಮೂರು ಆಫರ್ ಕೈಯಲ್ಲಿಟ್ಟುಕೊಂಡು, ಸೇರುವ ದಿನ ಬೆಳಿಗ್ಗೆ ಫೋನು ಎತ್ತದವರಿದ್ದಾರೆ. ಇದು ತಪ್ಪು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದಿದ್ದೇನೆ, ಈಗಲೂ ಹೇಳುತ್ತೇನೆ. ಆದರೂ ಎರಡೂ ಒಂದೇ ತೂಕದವಲ್ಲ. ಸೇರದೆ ಹೋದವನಿಂದ ಕಂಪನಿಗೆ ಒಂದು ಹುದ್ದೆ ಕೆಲವು ದಿನ ಖಾಲಿ ಉಳಿಯುತ್ತದೆ. ಕಂಪನಿ ಉತ್ತರಿಸದಿದ್ದರೆ ಅವನ ಬದುಕು ಅಷ್ಟೂ ದಿನ ನಿಲ್ಲುತ್ತದೆ.

ಕಾನೂನು ಏನು ಹೇಳುತ್ತದೆ? 1959ರ ಉದ್ಯೋಗ ವಿನಿಮಯ ಕೇಂದ್ರಗಳ ಕಾಯ್ದೆ, 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಆ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು ಎಂದಿತು. ಅದರ ನಿಯಮಗಳಲ್ಲಿ, ಆಯ್ಕೆ ನಡೆದ 15 ದಿನದೊಳಗೆ ಫಲಿತಾಂಶವನ್ನೂ ಕೇಂದ್ರಕ್ಕೆ ತಿಳಿಸಬೇಕು ಎಂಬ ಮಾತಿತ್ತು. ಅಂದರೆ ಫಲಿತಾಂಶ ತಿಳಿಸುವುದು ಉದ್ಯೋಗದಾತನ ಹೊಣೆ ಎಂಬ ವಿಚಾರ ಅರವತ್ತು ವರ್ಷಕ್ಕೂ ಹಿಂದೆ ನಮ್ಮ ಕಾನೂನಿನಲ್ಲಿತ್ತು. ಆದರೆ ತಿಳಿಸಬೇಕಾದದ್ದು ಕಚೇರಿಗೆ, ಅಭ್ಯರ್ಥಿಗೆ ಅಲ್ಲ. 2025ರವರೆಗೆ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಇದ್ದದ್ದು ಕೆಲಸಕ್ಕೆ ಸೇರಿದವರಿಗೆ. ಆಫರ್ ಹಿಡಿದು ಕಾಯುತ್ತಿದ್ದವರು ಅದರ ಕಣ್ಣಿಗೆ ಕಾರ್ಮಿಕರೇ ಆಗಿರಲಿಲ್ಲ. ಸರ್ಕಾರಿ ನೇಮಕಾತಿಯಲ್ಲಿ, ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹುದ್ದೆಯ ಹಕ್ಕು ಬರುವುದಿಲ್ಲ ಎಂದು 1991ರ ಶಂಕರ್ಸನ್ ದಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆದರೆ ಸರ್ಕಾರ ಮನಬಂದಂತೆ ನಡೆಯುವಂತಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ 30 ದಿನದಲ್ಲಿ ಏನಾದರೂ ತಿಳಿಯಬಹುದು. ಖಾಸಗಿ ಕಂಪನಿಯ ಮುಂದೆ ಆ ದಾರಿಯೂ ಇಲ್ಲ.

ಬೇರೆ ಕಡೆ ದಾರಿ ತೆರೆಯುತ್ತಿದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ಮಾಡಿದವರಿಗೆ, ಕೊನೆಯ ಸಂದರ್ಶನದಿಂದ 45 ದಿನದೊಳಗೆ ನಿರ್ಧಾರ ಆಗಿದೆಯೋ ಇಲ್ಲವೋ ತಿಳಿಸಲೇಬೇಕು. ಅರ್ಜಿಗಳನ್ನು ಜರಡಿ ಹಿಡಿಯಲು ಕೃತಕ ಬುದ್ಧಿಮತ್ತೆ ಬಳಸಿದರೆ ಅದನ್ನೂ ಜಾಹೀರಾತಿನಲ್ಲೇ ಹೇಳಬೇಕು. ನಮ್ಮ ಕನ್ನಡಿಗ ಹುಡುಗರು ಅಲ್ಲಿಗೆ ಕೆಲಸ ಹುಡುಕಿ ಹೋದರೆ ಈ ಹಕ್ಕು ಅವರಿಗೂ ಸಿಗುತ್ತದೆ. ಇಲ್ಲಿ ಹುಡುಕಿದರೆ ಸಿಗುವುದಿಲ್ಲ.

ಆದರೆ ಒಂಟಾರಿಯೋವರೆಗೂ ಹೋಗಬೇಕಾಗಿಲ್ಲ. ಇದೇ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ಜನನ ಪ್ರಮಾಣಪತ್ರಕ್ಕೋ ಜಾತಿ ಪ್ರಮಾಣಪತ್ರಕ್ಕೋ ಅರ್ಜಿ ಕೊಟ್ಟರೆ ಒಂದು ಸಂಖ್ಯೆ ಸಿಗುತ್ತದೆ, ಇಷ್ಟು ದಿನದೊಳಗೆ ಎಂದು ಅವಧಿ ಇರುತ್ತದೆ, ಅರ್ಜಿ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ, ಅದೂ ತಡಮಾಡಿದ ಅಧಿಕಾರಿಯಿಂದ. ಮೊತ್ತ ಚಿಕ್ಕದು. ಆದರೆ ಅರ್ಜಿ ಕೊಟ್ಟವರಿಗೆ ಉತ್ತರ ಕೊಡುವುದು ಕೃಪೆಯಲ್ಲ, ಹೊಣೆ ಎಂದು ಈ ರಾಜ್ಯ ಒಮ್ಮೆ ಒಪ್ಪಿಕೊಂಡಿದೆ. ಜಾತಿ ಪ್ರಮಾಣಪತ್ರಕ್ಕೆ ಇರುವ ಈ ಹಕ್ಕು, ಆ ಪ್ರಮಾಣಪತ್ರವನ್ನು ಲಗತ್ತಿಸಿ ಹಾಕುವ ಉದ್ಯೋಗದ ಅರ್ಜಿಗೆ ಯಾಕಿಲ್ಲ?

ಈ ವೇದಿಕೆಯಿಂದ ನನ್ನ ಬೇಡಿಕೆ ಇದು. ಕೆಪಿಎಸ್‌ಸಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮತ್ತು ರಾಜ್ಯದ ಇತರ ಎಲ್ಲ ನೇಮಕಾತಿ ಸಂಸ್ಥೆಗಳನ್ನು ಸಕಾಲದ ವ್ಯಾಪ್ತಿಗೆ ತನ್ನಿ. ಪ್ರತಿ ಹಂತಕ್ಕೂ ದಿನಾಂಕ ಇರಲಿ, ದಿನಾಂಕ ತಪ್ಪಿದರೆ ಕಾರಣವನ್ನು ಕನ್ನಡದಲ್ಲಿ ಪ್ರತಿ ಅಭ್ಯರ್ಥಿಗೂ ತಿಳಿಸಲಿ. ಖಾಸಗಿ ಸಂಸ್ಥೆಗಳಿಗೆ, ಸಂದರ್ಶನಕ್ಕೆ ಕರೆದವರೆಲ್ಲರಿಗೂ 45 ದಿನದೊಳಗೆ ಉತ್ತರ ಕೊಡಲೇಬೇಕೆಂಬ ನಿಯಮವನ್ನು ಕಾರ್ಮಿಕ ಇಲಾಖೆ ರೂಪಿಸಲಿ. ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ತಮ್ಮ ‘ಒಬ್ಬರಿಗೆ ಒಂದು ಆಫರ್’ ನಿಯಮಕ್ಕೆ ಒಂದು ಸಾಲು ಸೇರಿಸಲಿ: ಸೇರುವ ದಿನಾಂಕವಿಲ್ಲದ ಆಫರ್ ಅನ್ನು ಆಫರ್ ಎಂದು ಎಣಿಸುವುದಿಲ್ಲ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಮುಂದಿನ ಸೆಮಿಸ್ಟರ್‌ನಿಂದಲೇ ಮಾಡಬಹುದು.

ಈ ಸಭೆಯಲ್ಲಿ ನೇಮಕಾತಿಯ ಜವಾಬ್ದಾರಿ ಹೊತ್ತವರು ಕೆಲವರಾದರೂ ಇದ್ದೀರಿ. ನಾಳೆ ಕಚೇರಿಗೆ ಹೋದಾಗ, ಸಂದರ್ಶನ ಮುಗಿದೂ ಉತ್ತರ ಹೋಗದ ಹೆಸರುಗಳ ಪಟ್ಟಿಯನ್ನು ತೆಗೆಯಿರಿ. ಕೆಲಸ ಕೊಡಲಾಗದವರಿಗೆ ಕೊಡಲಾಗದು ಎಂದು ಈ ವಾರದೊಳಗೆ ಬರೆಯಿರಿ.